ಗುಬ್ಬಿ ಬಸ್ಸಿನಲ್ಲಿ ಮಾತು ಬಿಟ್ಟ ಹುಡುಗ

ಪ್ರೇಮವೆಂಬುದು ಮನುಷ್ಯನನ್ನು ವಿನಯವಂತನನ್ನಾಗಿ ಮಾಡುತ್ತದೆ. ಅದನ್ನು ಕುರಿತು ಬರೆಯುವವನು ತಲೆ ತಗ್ಗಿಸಿಯೇ ಬರೆಯಬೇಕು. ನಾನೂ ತಲೆ ತಗ್ಗಿಸಿಯೇ ಬರೆದೆ. ಗುಬ್ಬಿಯಿಂದ ತುಮಕೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ತಲೆ ಎತ್ತಿದರೆ ಯಾವನಾದರೂ ಕಾಲೇಜು ಹುಡುಗನ ಟಿಫನ್ ಡಬ್ಬಿ ಹಣೆಗೆ ಬಡಿಯುತ್ತಿತ್ತು.

ನನ್ನ ಮನೆ ಇರುವುದು ತುಮಕೂರಿನಲ್ಲೇ. ಆದರೂ ವಾರಕ್ಕೊಮ್ಮೆ ಬೆಳಗಾಗೆದ್ದು ಗುಬ್ಬಿಗೆ ಹೋಗಿ, ಅಲ್ಲಿ ಕಾಫಿ ಕುಡಿದು, ಕಾಲೇಜು ಹೊತ್ತಿನ ಬಸ್ಸು ಹತ್ತಿ ವಾಪಸ್ಸು ಬರುತ್ತಿದ್ದೆ. ಕಂಡಕ್ಟರಿಗೆ ನನ್ನ ತಲೆಯ ಬಗ್ಗೆ ಅನುಮಾನವಿತ್ತು. ನಾನು ಕಾಲೇಜು ಹುಡುಗ ಹುಡುಗಿಯರ ಮಾತು ಕೇಳಲು ಬರುತ್ತೇನೆ ಎಂದು ಅವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನನ್ನ ವಯಸ್ಸಿನ, ನನ್ನ ಹಣೆಯ ವಿಸ್ತಾರದ ಮನುಷ್ಯ ಅಂಥ ಮಾತು ಹೇಳಿದರೆ ಮುಂದಿನ ಸ್ಟಾಪಿನಲ್ಲೇ ಇಳಿಸುತ್ತಾರೆ.

ವಿಷಯ ಇಷ್ಟೇ. ಫೋನಿನಲ್ಲಿ ಕತೆ ಕೇಳಿಸುವ ಒಂದು ಆ್ಯಪಿನವರು ಕಾಲೇಜು ಪ್ರೇಮದ ಧಾರಾವಾಹಿ ಬರೆದುಕೊಡಿ ಎಂದಿದ್ದರು. ಒಂದೊಂದು ಕಂತು ಒಂದು ಟೀ ಕುಡಿಯುವಷ್ಟು ಹೊತ್ತು, ಕೊನೆಯಲ್ಲಿ ಮುಂದಿನ ಕಂತಿಗೆ ಎಳೆಯುವ ಒಂದು ಕೊಕ್ಕೆ. ಯಾರೂ ಸಾಯಬಾರದು, ಯಾರ ಅಪ್ಪನೂ ಮಚ್ಚು ಹಿಡಿಯಬಾರದು. ಬೆಂಗಳೂರಿನಿಂದ ಫೋನಿನಲ್ಲೇ ನಮ್ಮನ್ನು ಆಳುತ್ತಿದ್ದ ಮೇಡಂ ಸ್ಪಷ್ಟವಾಗಿ ಹೇಳಿದ್ದರು: "ಲೈಟಾಗಿರ್ಲಿ ಸರ್. ನಮ್ ಲಿಸನರ್ಸ್ ಪಾತ್ರೆ ತೊಳೀತಾ ಕೇಳ್ತಾರೆ." ಪಾತ್ರೆ ತೊಳೆಯುವ ಕೈ ನಿಲ್ಲಬಾರದು, ಕಿವಿ ಬೇರೆಡೆ ಹೋಗಲೂಬಾರದು. ಸಾಹಿತ್ಯದ ಗುರಿಯನ್ನು ನನಗೆ ಇಷ್ಟು ಖಚಿತವಾಗಿ ಅದುವರೆಗೆ ಯಾರೂ ತಿಳಿಸಿರಲಿಲ್ಲ.

ನಾಯಕ ಚೇತು, ಗುಬ್ಬಿ ಪಕ್ಕದ ಕಡಬದವನು, ಬಿ.ಕಾಂ. ಬಾಯಿ ಮುಚ್ಚದ ಮಾತುಗಾರ. ನಾಯಕಿ ಸಿಂಧು, ಕುಣಿಗಲ್ ಕಡೆಯವಳು. ಕುಣಿಗಲ್ ರಸ್ತೆಗೂ ಗುಬ್ಬಿ ರಸ್ತೆಗೂ ತುಮಕೂರಿನ ತನಕ ಯಾವ ಸಂಬಂಧವೂ ಇಲ್ಲವಾದ್ದರಿಂದ, ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸಲು ಗುಬ್ಬಿಯಲ್ಲಿ ಸಿಂಧುವಿಗೊಬ್ಬ ಅತ್ತೆಯನ್ನು ಸೃಷ್ಟಿಸಬೇಕಾಯಿತು. ಪ್ರೇಮ ಹುಟ್ಟುವುದು ಬ್ಯಾಗಿನಿಂದ. ನಮ್ಮ ಬಸ್ಸುಗಳಲ್ಲಿ ನಿಂತವರು ತಮ್ಮ ಬ್ಯಾಗನ್ನು ಕೂತವರ ತೊಡೆಯ ಮೇಲೆ ಇಡುವುದು ವಾಡಿಕೆ. ಪರಿಚಯ ಬೇಕಿಲ್ಲ, ಕೇಳಬೇಕಾಗಿಯೂ ಇಲ್ಲ. ಕೈ ಚಾಚಿದರೆ ಕೊಟ್ಟಂತೆ, ಕೊಟ್ಟರೆ ಹಿಡಿದಂತೆ. ಇಳಿಯುವಾಗ ಕಿಟಕಿಯಿಂದ ಈಚೆಗೆ ಬರುತ್ತದೆ. ಚೇತುವಿಗೆ ಯಾವತ್ತೂ ಸೀಟು ಸಿಗುವುದಿಲ್ಲ. ಸಿಂಧು ಹೆಸರು ಗೊತ್ತಿಲ್ಲದ ಅವನ ಬ್ಯಾಗನ್ನು ದಿನಾ ಹಿಡಿದು ಕೂರುತ್ತಾಳೆ. ಭಾರ ನೋಡಿಯೇ ಇವತ್ತು ಟೆಸ್ಟ್ ಇದೆಯೋ ಇಲ್ಲವೋ ಹೇಳುವಷ್ಟು ಪಳಗಿದ ಮೇಲೆ ಮೊದಲ ಮಾತು ಆಡುತ್ತಾಳೆ: "ಇದ್ರಲ್ಲೇನು, ನಿಮ್ಮನೆ ರಾಗಿಕಲ್ಲು ತುಂಬ್ಕೊಂಡ್ ಬಂದಿದ್ಯಾ?"

ದನಿಮುದ್ರಣ ನಡೆಯುತ್ತಿದ್ದುದು ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಗೋಡೆಗೆಲ್ಲ ತೆಂಗಿನ ನಾರಿನ ಹಾಸು, ಬಾಗಿಲಿಗೆ ದಪ್ಪ ರಗ್ಗು. ಫ್ಯಾನ್ ಹಾಕಿದರೆ ಸದ್ದು ಬರುತ್ತದೆ, ಆದ್ದರಿಂದ ಅಲ್ಲಿ ಪ್ರೇಮ ಮಾಡುವವರೆಲ್ಲ ಬೆವರುತ್ತಿದ್ದರು. ಸ್ಟುಡಿಯೋದ ಯಜಮಾನನೇ ಸೌಂಡ್ ಎಂಜಿನಿಯರ್. ಸಿಂಧುವಿನ ದನಿ ಮಾರ್ಕೋನಹಳ್ಳಿ ಕಡೆಯ, ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದ ಹುಡುಗಿಯದು. ನನ್ನ ಸಂಭಾಷಣೆಯನ್ನು ಮೊದಲ ಸಲ ಓದಿದಾಗ ಅವಳು, "ಸಾರ್, ಈ 'ನಿನ್ನ ಕಂಗಳು' ಯಾವ ಕಾಲದ್ದು? ನಮ್ ಕ್ಲಾಸಲ್ಲಿ ಯಾರಾದ್ರೂ ಹಿಂಗಂದ್ರೆ ನೇತ್ರದಾನ ಕ್ಯಾಂಪಿನವ್ನಾ ಅಂತಾರೆ," ಅಂದಳು. ನಾನು ಕಂಗಳನ್ನು ಹೊಡೆದುಹಾಕಿದೆ.

ಚೇತುವಿನ ದನಿ ಸಿಕ್ಕಿದ್ದು ಬೇರೆ ರೀತಿ. ಕಾಲೇಜು ಹುಡುಗರನ್ನೇ ಕರೆದು ಓದಿಸಿ ಸಾಕಾಗಿತ್ತು. ಕೈಯಲ್ಲಿ ಕಾಗದ ಹಿಡಿದ ಕೂಡಲೇ ಎಲ್ಲರೂ ವಾರ್ತೆ ಓದುತ್ತಿದ್ದರು. ಒಂದು ದಿನ ಬಸ್ಸಿನ ಟೈಮು ಕೇಳಲು ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳನ್ನು ಕೂಗಿ ಹೊರಡಿಸುವ ಏಜೆಂಟರ ನಂಬರಿಗೆ ಫೋನ್ ಮಾಡಿದೆ. ಇಪ್ಪತ್ತರ ಹುಡುಗನ ದನಿ. "ತಮ್ಮಾ, ಅಲ್ಲಿ ದೊಡ್ಡೋರು ಯಾರಿದ್ದಾರೋ ಅವರಿಗೆ ಫೋನ್ ಕೊಡು," ಅಂದೆ.

"ನನ್ಗಿಂತ ದೊಡ್ಡದು ಅಂದ್ರೆ ಇಲ್ಲಿ ಅರಳಿ ಮರ ಒಂದೇ ಸ್ವಾಮಿ. ಕೊಡ್ಲಾ?"

ಅರವತ್ತು ದಾಟಿದ ಮನುಷ್ಯ. ಕಡಬದವರೇ. ವಯಸ್ಸಿನ ಕಾಲದಲ್ಲಿ ಊರಿನ ಪೌರಾಣಿಕ ನಾಟಕಗಳಲ್ಲಿ ರಾಜಕುಮಾರರ ಪಾರ್ಟು ಮಾಡಿದವರು. ಮೈ ಮುದಿಯಾಗಿ ದನಿ ಮಾತ್ರ ರಾಜಕುಮಾರನಾಗಿಯೇ ಉಳಿದುಬಿಟ್ಟಿತ್ತು. ಕಣ್ಣು ಮುಚ್ಚಿದರೆ ಬಿ.ಕಾಂ. ಎರಡನೇ ವರ್ಷ, ಕಣ್ಣು ಬಿಟ್ಟರೆ ಮೊಮ್ಮಗಳ ಫೀಸು ಕಟ್ಟಲು ಬಂದ ಅಜ್ಜ. ಅಭ್ಯಾಸಬಲದಿಂದ ಮೊದಮೊದಲು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಪ್ರೇಮ ನಿವೇದಿಸುತ್ತಿದ್ದರು. ಎಂಜಿನಿಯರನ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಮೈಕನ್ನು ಹಿಂದಕ್ಕೆ ಸರಿಸಿ, ಅವರನ್ನು ಇನ್ನೂ ಹಿಂದಕ್ಕೆ ಸರಿಸಿ, ಕೊನೆಗೆ ಅವರಿಗೆ ಒಂದೇ ಸೂಚನೆ ಕೊಟ್ಟೆ: "ಬಸ್ಸು ಹೊರಟುಹೋಗಿದೆ. ಪಕ್ಕದಲ್ಲಿ ಒಬ್ಬಳೇ ಇದ್ದಾಳೆ." ಅರ್ಥವಾಯಿತು.

ಹುಡುಗಿ ಮೈಕಿನ ಮುಂದೆ ಅವರನ್ನು "ಲೋ ಚೇತು, ಮಂಗ" ಎನ್ನುತ್ತಿದ್ದಳು. ದನಿಮುದ್ರಣದ ಕೆಂಪು ದೀಪ ಆರಿದ ಕೂಡಲೇ "ತಾತ, ನೀರು ಕುಡೀರಿ" ಎನ್ನುತ್ತಿದ್ದಳು. ಅವರ ಹೆಂಡತಿ ಕಡಬದಲ್ಲಿ ತೆಂಗಿನಕಾಯಿ ಸುಲಿಸುತ್ತಾ ಫೋನಿನಲ್ಲಿ ಕಂತು ಕೇಳಿ, "ನನ್ನ ಒಂದಿನಾನೂ ಹಿಂಗ್ ಮಾತಾಡ್ಸಿಲ್ವಲ್ಲ ಈ ವಯ್ಯ," ಎಂದು ಆಳುಗಳ ಮುಂದೆ ಹೇಳಿದ್ದರಂತೆ. ಏಜೆಂಟರು ಇದನ್ನು ನಮಗೆ ಹೇಳಿದ್ದು ದೂರಿನಂತಿದ್ದರೂ ಹೆಮ್ಮೆಯಿಂದಲೇ.

ಧಾರಾವಾಹಿ ಅರ್ಧ ದಾರಿಗೆ ಬಂದಿತ್ತು. ಆಗ ಮುದ್ದೆ ನಿಂತಿತು.

"ಮುದ್ದೆ ಗಂಟ್ಲಲ್ಲೇ ನಿಂತ್ಕತೈತೆ ಮೇಷ್ಟ್ರೇ. ಸಾರು ಜಾಸ್ತಿ ಹಾಕ್ಕಂಡ್ರೂ ಇಳಿಯಲ್ಲ. ನುಂಗಿದ್ರೆ ಕಿವಿ ನೋಯ್ತದೆ," ಎಂದರು ಏಜೆಂಟರು ಒಂದು ದಿನ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ, ಆದರೂ ನಾವು ಮೂವರೂ ಸಣ್ಣ ಔಷಧಿಗಳನ್ನೇ ಹೇಳಿದೆವು: ನಾನು ಮೆಣಸಿನ ಕಷಾಯ, ಎಂಜಿನಿಯರ್ ಉಪ್ಪುನೀರು, ಹುಡುಗಿ ಯಾವುದೋ ಚಪ್ಪರಿಸುವ ಮಾತ್ರೆ. ತುಮಕೂರಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನವರು ಮೂಗಿನಿಂದ ನಳಿಗೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷೆ ಮಾಡಿ, ಹೇಳಬೇಕಾದ್ದನ್ನು ಹೇಳಿದರು.

ಏಜೆಂಟರು ಬಂದು ನಮಗೆ ತಿಳಿಸಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ತಮ್ಮ ಸ್ಟೂಲಿನ ಮೇಲೆ ಕೂತು, ಮೈಕಿನ ಕಡೆ ನೋಡುತ್ತಾ ಹೇಳಿದರು: "ಅನ್ನ ಇಳಿಯೋ ದಾರೀಲಿ ಗಂಟು ಐತಂತೆ. ದನಿ ಪೆಟ್ಟಿಗೆಗೆ ಅಂಟ್ಕಂಡೈತಂತೆ. ಗಂಟು ತೆಗೀಬೇಕಾದ್ರೆ ಪೆಟ್ಟಿಗೇನೂ ತೆಗೀಲೇಬೇಕಂತೆ. ತೆಗುದ್ರೆ ಮನುಷ್ಯ ಉಳೀತಾನೆ ಅಂದವ್ರೆ. ಮುಂದಿನ ತಿಂಗ್ಳ ಮೊದ್ಲ ವಾರ ಡೇಟು." ಆಮೇಲೆ, "ಚೇತೂನ ಏನ್ ಮಾಡಾಣ?" ಎಂದರು.

ಗಂಟಲು ಹೋಗುವ ಮನುಷ್ಯ ಕೇಳಿದ ಮೊದಲ ಪ್ರಶ್ನೆ ಅದು. ಹುಡುಗಿ ಎದ್ದು ಹೊರಗೆ ಹೋದಳು. ಎಂಜಿನಿಯರ್ ಅಗತ್ಯವಿಲ್ಲದ ಒಂದು ವೈರನ್ನು ಬಹಳ ಹೊತ್ತು ಸುತ್ತಿದ.

ಮೇಡಮ್ಮಿಗೆ ಫೋನ್ ಮಾಡಿದೆ. ಅವರು ನಿಜವಾಗಿ ನೊಂದುಕೊಂಡರು. ಆಮೇಲೆ ತಮ್ಮ ಕೆಲಸ ಮಾಡಿದರು. "ಸರ್, ಎರಡು ದಾರಿ ಇದೆ. ಬೇರೆ ವಾಯ್ಸ್ ತಗೊಳ್ಳೋಣ. ಇಲ್ಲಾ, ಅವರ ಹಳೇ ಎಪಿಸೋಡ್ಸ್ ಇದ್ಯಲ್ಲ, ಅದನ್ನ ಕಂಪ್ಯೂಟರಿಗೆ ಕೊಟ್ರೆ ಅವರ ವಾಯ್ಸಲ್ಲೇ ಅದು ಮಾತಾಡುತ್ತೆ. ಯಾರಿಗೂ ಗೊತ್ತಾಗಲ್ಲ. ಅವರ ಪರ್ಮಿಷನ್ ಬೇಕು, ಅಷ್ಟೆ."

ಏಜೆಂಟರ ಮುಂದೆ ಎರಡನ್ನೂ ಇಟ್ಟೆ. ಮೊದಲನೆಯದಕ್ಕೆ ಅವರು, "ಅರ್ಧ ದಾರೀಲಿ ಡ್ರೈವರ್ ಬದ್ಲಾಯ್ಸಿದ್ರೆ ಪ್ಯಾಸೆಂಜರ್ ಇಳೀತಾರಾ? ಇಳಿಯಲ್ಲ. ಆದ್ರೆ ಡ್ರೈವರ್ ರೋಡ್‌ನಲ್ಲಿ ನಿಂತಿರ್ತಾನಲ್ಲ," ಎಂದರು. ಎರಡನೆಯದಕ್ಕೆ ಬಹಳ ಯೋಚನೆ ಮಾಡಿದರು. "ನಾನು ಆಡ್ದೇ ಇರೋ ಮಾತು ನನ್ ದನೀಲಿ ಬಂದ್ರೆ, ನಮ್ಮನೆಯವ್ಳು ಕೇಳಿದಾಗ ಯಾರ್ ಮಾತಾಡ್ತಾವ್ನೆ ಅಂತ ಅನ್ಕಬೇಕು? ಬ್ಯಾಡ. ಇರೋ ದಿನ್ದಲ್ಲಿ ನಾನೇ ಮುಗುಸ್ತೀನಿ. ನೀವು ಬರ್ಕೊಡಿ."

ಬರೆದುಕೊಡಬೇಕಾದದ್ದು ನಾನು. ಆದರೆ ಕತೆಯೇ ಮುಂದೆ ಇರಲಿಲ್ಲ. ನನ್ನದು ವಾರದ ಬಾಣಲೆ. ಬಸ್ಸಿನಲ್ಲಿ ಕೇಳಿದ್ದನ್ನು ಅದೇ ವಾರ ಹುರಿದು ಬಡಿಸುತ್ತಿದ್ದೆ. ಈಗ ಧಾರಾವಾಹಿಯ ಉಳಿದ ಅರ್ಧದಲ್ಲಿ ಚೇತು ಆಡುವ ಮಾತನ್ನಷ್ಟೇ ಮೊದಲು ಬರೆಯಬೇಕು. ಸಿಂಧುವಿನ ಮಾತನ್ನು ಆಮೇಲೆ, ಅವನ ಉತ್ತರಗಳಿಗೆ ಹೊಂದುವಂತೆ ಕೂಡಿಸಬೇಕು. ಪ್ರಶ್ನೆ ಕೇಳುವ ಮೊದಲೇ ಉತ್ತರ ಬರೆಯುವ ಈ ಪದ್ಧತಿ ವಿಶ್ವವಿದ್ಯಾಲಯಗಳಲ್ಲಿ ಇದೆಯೆಂದು ಕೇಳಿದ್ದೆ. ಪ್ರೇಮದಲ್ಲಿ ಇದೇ ಮೊದಲು.

ಒಂದಷ್ಟು ಕಂತುಗಳ ಮಾತು ಬರೆದುಕೊಂಡು ಹೋದೆ. ನನಗೇ ತೃಪ್ತಿಯಾಗಿತ್ತು. ಏಜೆಂಟರು ಕನ್ನಡಕ ಏರಿಸಿ ಮನಸ್ಸಿನಲ್ಲೇ ಓದಿದರು. ಓದುತ್ತಾ ಓದುತ್ತಾ ಅವರ ಮುಖ, ಬಸ್ಸಿಗೆ ಜನ ತುಂಬದಿದ್ದಾಗ ಆಗುವಂತೆ ಆಯಿತು.

"ಏನ್ ಮೇಷ್ಟ್ರೇ, ಚೇತೂಗೂ ಆಪ್ರೇಶನ್ನಾ?"

"ಯಾಕೆ?"

"ನೋಡಿ ಇಲ್ಲಿ. 'ಈ ದಾರಿ ಎಲ್ಲಿವರೆಗೋ ಗೊತ್ತಿಲ್ಲ ಸಿಂಧು.' ಯಾಕ್ ಗೊತ್ತಿಲ್ಲ? ತುಮಕೂರ್‌ವರ್ಗೂ. ಟಿಕೇಟ್ ತಗಂಡವ್ನೆ. ಇಲ್ಲಿ, 'ನನ್ನ ಮಾತು ನಿನ್ ಜೊತೆ ಇರ್ತದೆ.' ಅವ್ನ್ ಎಲ್ಲಿಗೋಯ್ತಾನೆ? ಹುಡ್ಗ ಸಾಯೋನ್ ಹಂಗೆ ಮಾತಾಡ್ತಾವ್ನೆ. ಅವ್ನಿಗೆ ಇಪ್ಪತ್ ವರ್ಸ ಕಣ್ ಮೇಷ್ಟ್ರೇ. ಗಂಟ್ಲು ನೆಟ್ಟಗೈತೆ. ಬೆಳಿಗ್ಗೆ ಎರಡು ಮುದ್ದೆ ಹೊಡ್ದು ಬಂದವ್ನೆ."

ಕಾಗದಗಳನ್ನು ವಾಪಸ್ಸು ತೆಗೆದುಕೊಂಡೆ. ಮನೆಗೆ ಬಂದು ನೋಡಿದರೆ ಅವರು ತೋರಿಸಿದ್ದು ಎರಡೇ ಜಾಗ, ಇದ್ದದ್ದು ಪುಟಪುಟವೂ. ನಾನು ಚೇತುವಿಗೆ ಬರೆಯುತ್ತೇನೆಂದುಕೊಂಡು ಏಜೆಂಟರಿಗೆ ಬರೆದುಬಿಟ್ಟಿದ್ದೆ. ಕಣ್ಣೀರು ತರಿಸುವ ಮಾತು ಬರೆಯುವುದು ಆ ವಾರ ನನಗೆ ಬಹಳ ಸುಲಭವಾಗಿತ್ತು. ಪೆನ್ನು ತಾನೇ ಇಳಿಜಾರಿನಲ್ಲಿ ಹೋಗುತ್ತಿತ್ತು. ಸಿಂಧುವಿನ ಅತ್ತೆ ಚೇತುವನ್ನು ಗ್ಯಾಸ್ ಸಿಲಿಂಡರ್ ತಂದ ಹುಡುಗ ಎಂದು ತಿಳಿದು ಅಡುಗೆಮನೆಯವರೆಗೆ ಸಿಲಿಂಡರ್ ಹೊರಿಸುವ ದೃಶ್ಯ ಬರೆಯುವುದಿತ್ತಲ್ಲ, ಅದಕ್ಕೆ ಕೂತರೆ ಕೈ ಬರುತ್ತಿರಲಿಲ್ಲ. ಬರೆದೆ. ಹಾಸ್ಯವನ್ನು ನಾನು ಅಷ್ಟು ಗಂಭೀರವಾಗಿ, ಹಲ್ಲು ಕಚ್ಚಿಕೊಂಡು ಹಿಂದೆಂದೂ ಬರೆದಿರಲಿಲ್ಲ.

ಈ ಸಲ ಓದಿ ಅವರು ನಕ್ಕರು. ನಗು ಅರ್ಧಕ್ಕೆ ನೋವಾಗಿ ಕಿವಿ ಹಿಡಿದುಕೊಂಡರು. "ಹಾಂ, ಇವ್ನು ಚೇತು," ಎಂದರು.

ದನಿಮುದ್ರಣ ಶುರುವಾಯಿತು. ಹುಡುಗಿಯ ಮಾತು ಇನ್ನೂ ಬರೆದಿರಲಿಲ್ಲ. ಆದರೂ ಅವಳು ದಿನಾ ಬಂದು ಎದುರಿಗೆ ಕೂರುತ್ತಿದ್ದಳು. "ಗೋಡೆ ನೋಡ್ಕೊಂಡು ತಾತ ಹೆಂಗ್ ಜಗಳ ಆಡ್ತಾರೆ ಸಾರ್?" ಎಂದು, ಅವಳೇ ಬಾಯಿಗೆ ಬಂದದ್ದನ್ನು ಮೆಲ್ಲಗೆ ಕೇಳುತ್ತಿದ್ದಳು, ಅದಕ್ಕೆ ಅವರು ಕಾಗದದ ಮೇಲಿನ ಉತ್ತರ ಹೇಳುತ್ತಿದ್ದರು. ಅವಳು ಹೀಗೆ ಕೇಳಿದ ಎಷ್ಟೋ ಮಾತನ್ನು ನಾನು ಆಮೇಲೆ ಹಾಗೇ ಉಳಿಸಿಕೊಂಡೆ.

ಎಂಜಿನಿಯರನಿಗೆ ಇನ್ನೊಂದು ಯೋಚನೆ ಬಂತು. ಬಿಡಿ ಮಾತುಗಳನ್ನು ಕೂಡಿಹಾಕಿಕೊಳ್ಳೋಣ, ಬೇಕಾದ ಕಡೆ ಜೋಡಿಸಬಹುದು ಎಂದ. ಹೂಂ, ಊಹೂಂ, ಅಯ್ಯೋ, ಹೋಗೇ, ಯಾಕೆ, ನಾಳೆ, ಬಸ್ಸು, ಅತ್ತೆ, ಮೂರು ಬಗೆಯ ನಗು, ಒಂದು ಆಕಳಿಕೆ. ಒಂದು ಇಡೀ ಬೆಳಗ್ಗೆ ಅದಕ್ಕೇ ಹೋಯಿತು. ಜೋಡಿಸಿ ಕೇಳಿಸಿದ: "ನಾಳೆ. ಬಸ್ಸು. ಹೋಗೇ. ಅತ್ತೆ." ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ರೈಲ್ವೆ ಸ್ಟೇಷನ್‌ನಲ್ಲಿ ಕೂಗ್ದಂಗೈತೆ," ಎಂದರು ಏಜೆಂಟರು. "ಎರಡ್ನೇ ಪ್ಲಾಟ್‌ಫಾರಮ್ಮಿಗೆ ಅತ್ತೆ ಬರ್ತಾವ್ಳೆ." ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆವು. ಕಳೆದ ಬೆಳಗ್ಗೆ ಮಾತ್ರ ವಾಪಸ್ಸು ಬರಲಿಲ್ಲ.

ಬೆಳಗ್ಗೆಗಳೇ ನಮ್ಮ ಬಂಡವಾಳವಾಗಿತ್ತು. ಎದ್ದಾಗ ದನಿ ತಿಳಿಯಾಗಿರುತ್ತಿತ್ತು. ಬಿಸಿಲೇರುವ ಹೊತ್ತಿಗೆ ನೋವು ಬಂದು ಮಾತು ದಪ್ಪಗಾಗುತ್ತಿತ್ತು, ಚೇತು ಒಂದೇ ಕಂತಿನೊಳಗೆ ಬಿ.ಕಾಂ.ನಿಂದ ಪೆನ್ಷನ್ನಿಗೆ ಬಂದುಬಿಡುತ್ತಿದ್ದ. ಗಂಜಿ ಮಾತ್ರ ಇಳಿಯುತ್ತಿದ್ದುದರಿಂದ ಮೈಯಲ್ಲಿ ಕಸುವೂ ಇರಲಿಲ್ಲ. ಉಳಿದ ಬೆಳಗ್ಗೆಗಳನ್ನೂ ಉಳಿದ ಕಂತುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೊಂದಲಿಲ್ಲ. ಕತೆಯ ಕೊನೆಯ ಭಾಗಕ್ಕೆ ಚೇತುವಿಗೆ ಮಾತು ಉಳಿಯುವುದಿಲ್ಲ.

ಇದನ್ನು ಹೇಳಲು ಗುಬ್ಬಿಗೆ ಹೋದೆ. ಡಾಕ್ಟರು ಕೂಗಬಾರದು ಎಂದಿದ್ದರೂ ಏಜೆಂಟರು ಬಸ್ ಸ್ಟ್ಯಾಂಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ಕೂಗುತ್ತಿರಲಿಲ್ಲ, ಅಷ್ಟೆ. ಬಸ್ಸು ಬಂದು ನಿಂತಾಗ ಪಕ್ಕಕ್ಕೆ ಹೋಗಿ, ಒಳಗೆ ಇಣುಕಿ, ಅಂಗೈಯಿಂದ ಬಸ್ಸಿನ ತಗಡಿಗೆ ಎರಡು ಸಲ ಬಡಿಯುತ್ತಿದ್ದರು. ಬಸ್ಸು ಹೊರಡುತ್ತಿತ್ತು. ಯಾರೋ ಮುದುಕಿ ಗಂಟು ಎತ್ತಿಕೊಂಡು ಓಡಿ ಬಂದಳು. ಒಂದು ಸಲ ಬಡಿದರು. ಬಸ್ಸು ನಿಂತಿತು. ಮುದುಕಿ ಹತ್ತಿದ ಮೇಲೆ ಮತ್ತೆ ಎರಡು. ಒಂದಕ್ಕೆ ನಿಲ್ಲು, ಎರಡಕ್ಕೆ ರೈಟ್. ಈ ರಸ್ತೆಯಲ್ಲಿ ಓಡಾಡಿದ ಕೂಸಿಗೂ ಗೊತ್ತಿರುವ ಭಾಷೆ. ನಾನು ವಾರವಾರ ಬಸ್ಸು ಹತ್ತಿ ಜನರ ಬಾಯನ್ನೇ ಕೇಳಿದ್ದೆ, ಅವರ ಕೈಯನ್ನು ಕೇಳಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಚೇತು ಮಾತು ಬಿಡುತ್ತಾನೆ. ಕಾಯಿಲೆಯಿಂದಲ್ಲ, ಕೊಬ್ಬಿನಿಂದ. ಸಿಂಧು ರೇಗಿ, "ಒಂದೇ ಒಂದ್ ದಿನ ಬಾಯ್ ಮುಚ್ಕೊಂಡಿರು ನೋಡೋಣ" ಎನ್ನುತ್ತಾಳೆ. ಅವನು, "ಒಂದಿನ ಏನು, ನೀನೇ ಬಂದು 'ಮಾತಾಡೋ ಮಾರಾಯ' ಅನ್ನೋವರ್ಗೂ ತುಟಿ ಬಿಚ್ಚಲ್ಲ ಹೋಗೇ" ಎನ್ನುತ್ತಾನೆ. ಇಬ್ಬರಿಗೂ ಹಟ. ಅಲ್ಲಿಂದ ಮುಂದೆ ಅವನು ಬಸ್ಸಿನ ಬಾಗಿಲ ಪಕ್ಕ ನಿಂತು ಅವಳ ಪ್ರಶ್ನೆಗಳಿಗೆ ತಗಡು ಬಡಿದು ಉತ್ತರ ಕೊಡುತ್ತಾನೆ. ಬೇಡವೆಂದರೆ ಒಂದು, ಹೂಂ ಎಂದರೆ ಎರಡು. ಬ್ಯಾಗು ಮಾತ್ರ ದಿನಾ ಅವಳ ತೊಡೆ ಮೇಲೆ. ಆಪರೇಷನ್ ಆದ ಮೇಲೂ ಏಜೆಂಟರಿಗೆ ಎರಡು ಕೈ ಇರುತ್ತವೆ.

ಮೇಡಂ ಕೇಳಿ ಹೌಹಾರಿದರು. "ಸರ್, ಇದು ಆಡಿಯೋ! ಹೀರೋ ಮಾತೇ ಆಡ್ದಿದ್ರೆ ಲಿಸನರ್ಸ್ ಫೋನ್ ಹ್ಯಾಂಗ್ ಆಯ್ತು ಅನ್ಕೊಂಡು ಆಫ್ ಮಾಡ್ತಾರೆ." ನಾನು ಹಳೆಯ ಕಾಲದವನಿಗೆ ಶೋಭಿಸುವಂತೆ ಪಟ್ಟು ಹಿಡಿದೆ. ಕೊನೆಗೆ ಒಪ್ಪಂದವಾಯಿತು: ಮಾತಿಲ್ಲದ ಮೊದಲ ಎರಡು ಕಂತು ಹಾಕಿ ನೋಡುವುದು. ಜನ ಬಿಟ್ಟುಹೋದರೆ ಮೂರನೆಯದರಿಂದ ಬೇರೆ ಹುಡುಗನ ದನಿ. ಅದಕ್ಕೆ ನಾನು ತುಟಿ ಬಿಚ್ಚಬಾರದು.

ಏಜೆಂಟರಿಗೆ ಹೇಳಿದಾಗ ಅವರು ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು. "ಕೊನೇಲಿ ಮಾತಾಡ್ಬೇಕಲ್ಲ ಅವ್ನು. ಸೋತೋಳು ಅವ್ಳಾದ್ರೆ, ಅವ್ನು ಬಾಯಿ ಬುಟ್ಟು ಏನಂತಾನೆ?"

"ಅದನ್ನ ನಾಳೆ ಬರ್ಕೊಂಡು ಬರ್ತೀನಿ."

"ಉದ್ದ ಬ್ಯಾಡಿ ಮೇಷ್ಟ್ರೇ."

ಕೊನೆಯ ಮುದ್ರಣದ ಬೆಳಗ್ಗೆ ಅವರ ಹೆಂಡತಿಯೂ ಜೊತೆಗೆ ಬಂದಿದ್ದರು. ಮೂಲೆಯಲ್ಲಿ ಸೆರಗು ಸುತ್ತಿಕೊಂಡು ಕೂತರು. ಮೊದಲು ಹಟ ಹಿಡಿಯುವ ದೃಶ್ಯದ ಮಾತು ಮುಗಿಸಿದೆವು. ಆಮೇಲೆ ಕೊನೆಯ ಕಂತಿನ ಒಂದೇ ಮಾತು. ದೃಶ್ಯ ಹೀಗೆ: ಪರೀಕ್ಷೆಯ ಕೊನೆಯ ದಿನ, ಧಾರಾವಾಹಿಯಲ್ಲಿ ಮೊದಲ ಸಲ ಚೇತುವಿಗೆ ಸೀಟು ಸಿಕ್ಕಿದೆ. ಸಿಂಧು ತಡವಾಗಿ ಬಂದು ನಿಂತಿದ್ದಾಳೆ, ಕೈಯಲ್ಲಿ ಬ್ಯಾಗು. "ಮಾತಾಡೋ ಮಾರಾಯ," ಎನ್ನುತ್ತಾಳೆ. ಅವನ ಉತ್ತರ: "ಬ್ಯಾಗ್ ಕೊಡು ಇಲ್ಲಿ."

ಏಜೆಂಟರು ಕಾಗದ ನೋಡಿದರು. "ಇಷ್ಟೇಯಾ?"

"ಇಷ್ಟೇ."

"ಸರ್ಯಾಗೈತೆ."

ಮೊದಲ ಸಲ ರಾಜಕುಮಾರ ಬಂದುಬಿಟ್ಟ. ಕೊನೆಯ ಸಾಲಿನವರೆಗೂ ಕೇಳಿತು. ಎರಡನೇ ಸಲ ನಡುಕ ಬಂತು, ಅವರಿಗೇ ಬೇಡವೆನಿಸಿ ಕೈ ಆಡಿಸಿದರು. ಹುಡುಗಿ ಎದುರಿನ ಸ್ಟೂಲಿನಿಂದ ಎದ್ದು ತನ್ನ ನಿಜವಾದ ಕಾಲೇಜು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಅವರ ಪಕ್ಕ ನಿಂತಳು. "ಮಾತಾಡೋ ಮಾರಾಯ," ಎಂದಳು, ಮೆಲ್ಲಗೆ. ಅವರು ಕಾಗದ ನೋಡಲಿಲ್ಲ. ಕೈ ಚಾಚಿ, ದಿನಾ ಹೇಳುವ ಮಾತಿನ ಹಾಗೆ ಹೇಳಿದರು: "ಬ್ಯಾಗ್ ಕೊಡು ಇಲ್ಲಿ."

ಏಜೆಂಟರು ನನ್ನ ಕಡೆ ತಿರುಗಿದರು. "ಇನ್ನೊಂದ್ ಸಲ ಬೇಕಾ?" ಎಂದು ಕೇಳಿದರು.

"ಸಾಕು," ಎಂದೆ. ನನ್ನ ಬರವಣಿಗೆಯಲ್ಲಿ ಅಷ್ಟು ಭಾರವಾದ ಪದವನ್ನು ನಾನು ಬಳಸಿದ್ದಿಲ್ಲ.

ಕೆಳಗಿಳಿದು ಬಸ್ ಸ್ಟ್ಯಾಂಡಿಗೆ ಬಂದೆವು. ಗುಬ್ಬಿಯ ಬಸ್ಸೊಂದು ಖಾಲಿಯಾಗಿ ನಿಂತಿತ್ತು. ಕೂಗಬೇಕಾದ ಹುಡುಗ ಫೋನಿನಲ್ಲಿ ಮುಳುಗಿದ್ದ. ಏಜೆಂಟರು ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು, ಎದೆ ತುಂಬ ಉಸಿರೆಳೆದರು. "ಗುಬ್ಬಿ ಗುಬ್ಬಿ ಗುಬ್ಬಿ ಗುಬ್ಬೀ... ಕಡಬ ಕಡಬ ಕಡಬಾ..." ಜನ ಎದ್ದು ಬಂದು ಹತ್ತಿದರು.

"ಸುಮ್ಕಿರಿ ಅಂದ್ರೆ ಕೇಳಲ್ವಲ್ಲ," ಎಂದು ಹೆಂಡತಿ ರೇಗಿದರು. ರೇಗಿದ್ದು ಬಸ್ಸು ತುಂಬಿದ ಮೇಲೆ.

ಆಪರೇಷನ್ ಆಯಿತು. ಅವರು ಆಸ್ಪತ್ರೆಯಲ್ಲಿರುವಾಗ ನಾನು ಸಿಂಧುವಿನ ಮಾತುಗಳನ್ನು ಬರೆದು ಮುಗಿಸಿದೆ. ಮಾತಿರುವ ಕಂತುಗಳು ಹೇಗೋ ಕೂಡಿಕೊಂಡವು. ಹಟದ ಕಂತುಗಳಿಗೆ ಬಂದಾಗ ಹುಡುಗಿಯ ಕೈಲಿ ಆಗಲಿಲ್ಲ. ತಗಡಿನ ಸದ್ದನ್ನು ಸದ್ಯಕ್ಕೆ ಎಂಜಿನಿಯರ್ ಮಾಡುತ್ತಿದ್ದ. ಅವಳು ಅವನನ್ನು ಬೈಯುವುದು ನಿಜವಾಗಿ ಬೈದಂತೆಯೇ ಇರುತ್ತಿತ್ತು. "ಸಾರ್, ಇವ್ರು ಬಾಡಿಗೆ ವಸೂಲಿಗೆ ಬಂದು ಬಾಗಿಲು ತಟ್ಟಿದಂಗೆ ತಟ್ಟುತ್ತಾರೆ. ಇವ್ರ್ ಮೇಲೆ ಹೆಂಗ್ ಲವ್ ಬರುತ್ತೆ?" ಎಂದಳು. ಕಾಯೋಣ ಎಂದೆ. ಮೇಡಂ ತಡ ಯಾಕೆ ಎಂದು ಕೇಳುತ್ತಿದ್ದರು. ಪರೀಕ್ಷೆ ಇದೆ ಎಂದೆ. ಯಾರ ಪರೀಕ್ಷೆ ಎಂದು ಅವರು ಕೇಳಲಿಲ್ಲ.

ಏಜೆಂಟರು ಬಂದರು. ಅರ್ಧದಷ್ಟಾಗಿದ್ದರು. ಕುತ್ತಿಗೆಯ ಕುಳಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಉಸಿರು ಈಗ ಅಲ್ಲಿಂದಲೇ. ಹುಡುಗಿ ಅವರ ಸ್ಟೂಲನ್ನು ಎಳೆದು ಮುಂದಿಟ್ಟಳು. ಅವರು ಸ್ಟೂಲಿನ ಮೇಲೆ ಕೂತು, ಎಂಜಿನಿಯರ್ ಇಟ್ಟಿದ್ದ ತಗಡನ್ನು ಬೆರಳಿನಿಂದ ಸವರಿ, ಮುಖ ಸಿಂಡರಿಸಿದರು. ಫೋನಿನಲ್ಲಿ ಬರೆದು ತೋರಿಸಿದರು: 'ಇದು ನೀರೊಲೆ ತಗಡು. ಬಸ್ಸಿಂದು ತನ್ನಿ.' ಗ್ಯಾರೇಜಿನಿಂದ ಹಳೆಯ ಬಸ್ಸಿನ ಬಾಗಿಲೊಂದನ್ನು ತರಿಸಿದೆವು. ಜೆರಾಕ್ಸ್ ಅಂಗಡಿಯವನು ಮೆಟ್ಟಿಲ ಮೇಲೆ ಹೋದ ಆ ಬಾಗಿಲ ಬಗ್ಗೆ ಇಂದಿಗೂ ವಿವರಣೆ ಕೇಳುತ್ತಾನೆ.

ಕುತ್ತಿಗೆಯ ಉಸಿರಿನ ಸದ್ದು ಮೈಕಿಗೆ ಬೀಳುತ್ತಿತ್ತು. ಎಂಜಿನಿಯರ್ ಮೈಕನ್ನು ಕೈಯ ಹತ್ತಿರ ಇಳಿಸಿದ, ಆದರೂ ಬಂತು. ಅಳಿಸಿ ತೆಗೆಯುತ್ತೇನೆ ಎಂದ. "ಇರ್ಲಿ ಬಿಡಿ, ಬಸ್ಸಲ್ಲಿ ನಿಂತೋರು ಉಸಿರಾಡಲ್ವಾ?" ಎಂದಳು ಹುಡುಗಿ. ಕೆಂಪು ದೀಪ ಹತ್ತಿತು. ಅವಳು ಅವರ ಕಡೆ ತಿರುಗಿ, "ಲೋ ಚೇತು, ಮಂಗ, ಇವತ್ತೂ ಮಾತಾಡಲ್ವಾ?" ಎಂದಳು.

ಒಂದು ಬಡಿತ.

"ಟಿಫನ್ ತಿಂದಿದೀಯಾ?"

ಸ್ವಲ್ಪ ತಡೆದು ಎರಡು ಬಡಿತ. ಎರಡನೆಯದು ಮೊದಲನೆಯದಕ್ಕಿಂತ ಮೆತ್ತಗೆ. ಹುಡುಗಿ ನಕ್ಕಳು. ಆ ನಗು ಕಾಗದದಲ್ಲಿರಲಿಲ್ಲ. ಕಂತಿನಲ್ಲಿದೆ.

ಮಾತಿಲ್ಲದ ಮೊದಲ ಎರಡು ಕಂತುಗಳು ಹೋದವು. ಮೇಡಂ ಫೋನ್ ಮಾಡಿದರು. "ಸರ್, ಕಾಮೆಂಟ್ಸಲ್ಲಿ ಜನ ಏನ್ ಹಾಕ್ತಿದಾರೆ ಗೊತ್ತಾ? 'ಟಕ್', 'ಟಕ್ ಟಕ್' ಅಷ್ಟೇ. ಏನಿದು?" ಕೇಳುಗರಲ್ಲಿ ಒಬ್ಬಾಕೆ, ತನ್ನ ಗಂಡನಿಗೆ ಕಾಫಿ ಬೇಕಾ ಎಂದು ಕೇಳಿದರೆ ಅವನು ಮೇಜು ಬಡಿಯುತ್ತಿದ್ದಾನೆ, ಇದಕ್ಕೆ ನೀವೇ ಹೊಣೆ ಎಂದು ಬರೆದಿದ್ದರಂತೆ. ಮೇಡಂ ಬೇರೆ ಹುಡುಗನ ದನಿಯ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಕೊನೆಯ ಕಂತನ್ನು ಏಜೆಂಟರೂ ಅವರ ಹೆಂಡತಿಯೂ ಕಡಬದ ಮನೆಯ ಜಗಲಿಯಲ್ಲಿ ಕೂತು ಒಂದೇ ಫೋನಿನಲ್ಲಿ ಕೇಳಿದರು. ನಾನೂ ಹೋಗಿದ್ದೆ. ಕೊನೆಯ ಮಾತು ಬಂದಾಗ ಆಕೆ ಫೋನಿನ ಕಡೆ ನೋಡಲಿಲ್ಲ, ಗಂಡನ ಕಡೆ ನೋಡಿದರು. ಅವರು ಜಗಲಿಯ ಕಂಬಕ್ಕೆ ಎರಡು ಸಲ ಬಡಿದರು. ಆಕೆ ಎದ್ದು ಒಳಗೆ ಕಾಫಿಗೆ ಇಟ್ಟರು.

ಧಾರಾವಾಹಿ ಆ ಕಂತಿನೊಂದಿಗೆ ಮುಗಿಯಿತು. ಮೊದಲ ಕಂತಿನಲ್ಲಿ ಚೇತುವಿನ ದನಿ ಎಂದು ಯಾರ ಹೆಸರಿತ್ತೋ, ಕೊನೆಯ ಕಂತಿನಲ್ಲೂ ಅದೇ ಹೆಸರಿತ್ತು.